ಮೆಟ್ಟಿಲುಗಲ್ಲಿನ ಮೇಲೆ ರೊಟ್ಟಿ

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸಿ ಒಂದು ಗಳಿಗೆ ನಿಲ್ಲುತ್ತಾರೆ. ಹೊರಗಿನಿಂದ ಬಂದವರು ಇದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯವಲ್ಲ, ತನಿಖೆ. ಹೊಸ್ತಿಲ ಮುಂದಿನ ಮೆಟ್ಟಿಲುಗಲ್ಲು ಯಾವ ಹದಕ್ಕೆ ಬಂದಿದೆ ಎಂದು ಮೊದಲು ನೋಡಿಕೊಂಡು, ಆಮೇಲೆ "ಎಲ್ಲಾ ಆರಾಮಾ?" ಎಂದು ಕೇಳುತ್ತಾರೆ. ಉತ್ತರ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಮದುವೆಯ ದಿನ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಒಂದು ಕಲ್ಲು ಕೊಡಬೇಕು. ಎರಡು ಮೊಳ ಉದ್ದ, ಒಂದು ಮೊಳ ಅಗಲ, ನಾಲ್ಕು ಬೆರಳು ದಪ್ಪ. ಮರಳುಗಲ್ಲಾದರೂ ಆದೀತು, ಜೇಡಿಗಲ್ಲಾದರೂ ಆದೀತು, ಸುಣ್ಣಗಲ್ಲಾದರೂ ಆದೀತು. ಮೊದಲ ದಿನ ಎಲ್ಲ ಕಲ್ಲುಗಳೂ ಮದುಮಗನಷ್ಟೇ ಪೆದ್ದಾಗಿ ಕಾಣುತ್ತವೆ. ಆಮೇಲೆ ಮನೆಯೊಳಗಿನ ಕಾವು, ಒತ್ತಡ ಏನೇನಿದೆಯೋ ಅಷ್ಟೂ ಹೊಸ್ತಿಲು ದಾಟಿ ಕಲ್ಲಿಗೆ ಇಳಿಯುತ್ತದೆ. ಭೂಮಿಯ ಹೊಟ್ಟೆಯಲ್ಲಿ ಕೋಟಿ ವರ್ಷ ಹಿಡಿಯುವ ಕೆಲಸವನ್ನು ನಮ್ಮೂರ ಸಂಸಾರಗಳು ಹತ್ತು ಹನ್ನೆರಡು ವರ್ಷದಲ್ಲಿ ಮುಗಿಸಿಕೊಡುತ್ತವೆ. ನಾನು ಭೂವಿಜ್ಞಾನ ಓದಿ ಬಿ.ಎಸ್ಸಿ. ಮಾಡಿದವನು. ಕಾಲೇಜಿನಲ್ಲಿ ಮೇಷ್ಟ್ರು ರೂಪಾಂತರ ಶಿಲೆಗಳ ಪಾಠ ಮಾಡುವಾಗ ಬೇರೆ ಊರಿನ ಹುಡುಗರು ಪುಸ್ತಕ ನೋಡುತ್ತಿದ್ದರು. ನಮ್ಮೂರಿನವರು ನೆಂಟರಿಷ್ಟರನ್ನು ನೆನೆಸಿಕೊಳ್ಳುತ್ತಿದ್ದೆವು.

ಹೆಡ್ಮಾಸ್ತರ ಮನೆಯ ಜೇಡಿಗಲ್ಲು ಏಳೇ ವರ್ಷಕ್ಕೆ ಸ್ಲೇಟಾಯಿತು. ಅವರ ಹೆಂಡತಿ ದಿನಸಿ ಪಟ್ಟಿಯನ್ನು ಅದರ ಮೇಲೆಯೇ ಬರೆದು ಒರೆಸುತ್ತಾರೆ. ನಿವೃತ್ತ ದಫೇದಾರರ ಮನೆಯದು ಇನ್ನೂ ಬೆಂದು, ಅಭ್ರಕದ ಮಿಂಚಿರುವ ಶಿಸ್ಟ್ ಆಯಿತು. "ಅಷ್ಟು ಶಿಸ್ತಿರೋ ಮನೇಲಿ ಶಿಸ್ಟ್ ಆಗದೆ ಇನ್ನೇನಾಗುತ್ತೆ" ಎಂದು ನಾನು ಹೇಳಿದ ಮಾತು ಊರೆಲ್ಲ ತಿರುಗಿ ದಫೇದಾರರ ಕಿವಿಗೂ ಬಿತ್ತು. ಅವರು ಅದನ್ನು ಹೊಗಳಿಕೆ ಎಂದು ತಿಳಿದು ನನ್ನನ್ನು ಕರೆದು ಕಾಫಿ ಕೊಟ್ಟರು. ಹದಿನೆಂಟು ಜನರ ಒಟ್ಟು ಕುಟುಂಬವೊಂದರ ಬಾಗಿಲಲ್ಲಿ ಕಪ್ಪು ಪಟ್ಟೆ ಒಂದು ಕಡೆ, ಬಿಳಿ ಪಟ್ಟೆ ಒಂದು ಕಡೆ ಸರಿದು ನಿಂತ ಕಲ್ಲಿದೆ. ನೈಸ್ ಎಂದು ಅದರ ಹೆಸರು. ಹೊರಗೆ ನೈಸ್, ಒಳಗೆ ಎರಡು ಒಲೆ. ಬಾಗಿಲು ಹಾಕಿಕೊಂಡು ಅಳುವವರ ಮನೆಯ ಸುಣ್ಣಗಲ್ಲು ಅಮೃತಶಿಲೆಯಾಗುತ್ತದೆ, ತಣ್ಣಗೆ, ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ. ಪುರಸಭೆ ಅಧ್ಯಕ್ಷ ಹಾಲಪ್ಪನವರ ಮನೆಯದು ಮಾತ್ರ ಬಳಪದ ಕಲ್ಲು. ಉಗುರಿನಿಂದ ಗೀರಿದರೂ ಗೀರು ಬೀಳುತ್ತದೆ, ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ, ಯಾವ ಆಕಾರಕ್ಕೆ ಬೇಕಾದರೂ ಬರುತ್ತದೆ. ದೇವರ ವಿಗ್ರಹ ಕೆತ್ತುವುದು ಇದರಲ್ಲೇ ಎಂದು ಹಾಲಪ್ಪನವರೇ ಎಲ್ಲರಿಗೂ ನೆನಪಿಸುತ್ತಿರುತ್ತಾರೆ.

ಕಲ್ಲು ಹೀಗೆ ಹೊಳಪಿಗೆ ಬಂದರೆ ನಮ್ಮಲ್ಲಿ ಅದನ್ನು ಹಣ್ಣಾಯಿತು ಎನ್ನುತ್ತಾರೆ. ಹಣ್ಣಾದ ಕಲ್ಲಿನ ಮನೆಗೆ ಮರ್ಯಾದೆ. ಅಲ್ಲಿನ ಹೆಂಗಸಿಗೆ ಅರಿಸಿನ ಕುಂಕುಮಕ್ಕೆ ಮೊದಲ ಕರೆ. ಬಸ್ ನಿಲ್ದಾಣದ ಹಿಂದೆ ದರ್ಜಿ ಮಲಿಯಪ್ಪ ಮತ್ತವನ ಹೆಂಡತಿ ಇದ್ದಾರೆ, ಮದುವೆಯಾಗಿ ಮೂವತ್ತೊಂದು ವರ್ಷ. ಅವರ ಮರಳುಗಲ್ಲು ಇನ್ನೂ ಮರಳುಗಲ್ಲೇ. ಕಾಲಿಟ್ಟರೆ ಪುಡಿ ಉದುರುತ್ತದೆ. "ಇಷ್ಟು ವರ್ಷ ಸಂಸಾರ ಮಾಡಿ ಒಂದು ಕಲ್ಲು ಹಣ್ಣು ಮಾಡೋಕಾಗಲಿಲ್ಲ" ಎಂದು ಜನ ಅವರನ್ನು ಮರುಕದಿಂದ ನೋಡುತ್ತಾರೆ. ಒಮ್ಮೆ ಅವಮಾನ ತಾಳಲಾರದೆ ಇಬ್ಬರೂ ಬೀದಿಗೆ ಕೇಳುವ ಹಾಗೆ ಜಗಳವಾಡಲು ಹೋದರು. ನಡುವೆಯೇ ನಗು ಬಂದು ಕೆಟ್ಟಿತು.

ನನ್ನ ಕೆಲಸ ಪುರಸಭೆಯ ಶಿಲಾ ಪರೀಕ್ಷಣಾ ಕಚೇರಿಯಲ್ಲಿ. ಹೆಸರು ಕೊಟ್ರೇಶ, ಹುದ್ದೆ ಸಹಾಯಕ ಪರೀಕ್ಷಕ, ಸಲಕರಣೆ ಮೂರು: ಒಂದು ಉಕ್ಕಿನ ಮೊಳೆ, ಒಂದು ಗಾಜಿನ ಚೂರು, ಒಂದು ಲಿಂಬೆಹಣ್ಣು. ಅಮೃತಶಿಲೆಯ ಮೇಲೆ ಲಿಂಬೆರಸ ಬಿದ್ದರೆ ಸಣ್ಣಗೆ ನೊರೆ ಏಳುತ್ತದೆ. ಮರಳುಗಲ್ಲು ಬೆಂದು ಆಗುವ ಕಲ್ಲಿಗೆ ಲಿಂಬೆರಸದ ಪರಿವೆಯೇ ಇಲ್ಲ. ಪುಸ್ತಕದಲ್ಲಿ ಅದು ಕ್ವಾರ್ಟ್ಜೈಟ್, ನಮ್ಮೂರ ಬಾಯಲ್ಲಿ ಬೆಣಚು. ಮೊಳೆಯಿಂದ ಗೀರಿದರೆ ಕಲ್ಲು ಸವೆಯುವುದಿಲ್ಲ, ಮೊಳೆ ಸವೆದು ತನ್ನದೇ ಉಕ್ಕಿನ ಗೆರೆಯನ್ನು ಕಲ್ಲಿನ ಮೇಲೆ ಬಿಟ್ಟುಬರುತ್ತದೆ. ಗಾಜನ್ನು ಅದರ ಅಂಚಿಗೆ ಉಜ್ಜಿದರೆ ಗಾಜಿಗೇ ಗಾಯ. ವರ್ಷಕ್ಕೊಮ್ಮೆ ಮನೆ ಮನೆಗೆ ಹೋಗಿ ಗೀರಿ, ಹಿಂಡಿ, ಉಜ್ಜಿ ಬರೆದುಕೊಂಡು ಬರುವುದು ನನ್ನ ಕೆಲಸ. ಬರೆದುಕೊಂಡದ್ದನ್ನು ಓದದೆ ಇಡುವುದು ಮುಖ್ಯ ಪರೀಕ್ಷಕ ಸೀಬಯ್ಯನವರ ಕೆಲಸ. "ಪರಿಶೀಲನೆಯಲ್ಲಿದೆ" ಎಂಬ ಒಂದು ಪದವನ್ನು ಅವರು ಮೂಗಿನಲ್ಲಿ ಶುರು ಮಾಡಿ ಗಂಟಲಲ್ಲಿ ಮುಗಿಸುತ್ತಾರೆ. ಅವರ ದನಿಯನ್ನು ನಾನು ಅವರಿಗಿಂತ ಚೆನ್ನಾಗಿ ಮಾಡುತ್ತೇನೆ. ಊರಿನಲ್ಲಿ ನನಗೆ ಬಾರದ ದನಿಯಿಲ್ಲ. ಮದುವೆ ಮನೆಗಳಲ್ಲಿ ಊಟವಾದ ಮೇಲೆ ಎಲೆ ಅಡಿಕೆಯ ಜೊತೆಗೆ ನನ್ನನ್ನೂ ಕರೆಯುತ್ತಾರೆ.

ಅತಿ ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ನಮ್ಮ ಭಾವನ ದನಿಗೆ. ನಮ್ಮ ನೀಲಕ್ಕನ ಗಂಡ ಶಂಭುಲಿಂಗ. ಭಾವ ಎಂದು ಕರೆಯುವುದು ವಾಡಿಕೆ, ಭಾವವೇನೂ ಇಲ್ಲ. ಕುಡಿಯುವವನಲ್ಲ, ಹೊಡೆಯುವವನಲ್ಲ, ದನಿ ಎತ್ತಿದವನೂ ಅಲ್ಲ. ತಿದ್ದುವವನು. "ಒಂದೇ ಒಂದು ಮಾತು ಹೇಳ್ತೀನಿ ನೀಲಾ, ತಪ್ಪು ತಿಳ್ಕೋಬೇಡ" ಎಂದು ಶುರುವಾದರೆ ಆಯಿತು. ದೀಪ ಹಚ್ಚುವಾಗ ಕಡ್ಡಿ ಹೀಗೆ ಹಿಡಿಯಬೇಕು. ಸೀರೆ ಮಡಿಸುವಾಗ ಅಂಚು ಒಳಕ್ಕೆ ಹೋಗಬೇಕು. ನಗುವಾಗ ಅಷ್ಟು ಹಲ್ಲು ಬೇಡ. ಅಕ್ಕ ಸೀನಿದರೆ ಸೀನು ಮುಗಿಯುವವರೆಗೆ ತಾಳ್ಮೆಯಿಂದ ಕಾದು, ಆಮೇಲೆ ಅದರಲ್ಲಿದ್ದ ದೋಷ ಹೇಳುತ್ತಿದ್ದ.

ಹಾಗಾಗಿ ಅಕ್ಕನ ಕಲ್ಲು ಊರಿನಲ್ಲೇ ಮೊದಲ ದರ್ಜೆಯ ಬೆಣಚಾಗಿತ್ತು. ನಾವು ಕೊಟ್ಟಾಗ ಒರಟು ಮರಳುಗಲ್ಲು. ಈಗ ನೋಡಿದರೆ ಗುಲಾಬಿ ಬಣ್ಣ, ನಡುವೆ ಜೇನಿನ ಎಳೆ. ಬೆಳಗಿನ ಬಿಸಿಲು ಬಿದ್ದರೆ ಕಲ್ಲುಸಕ್ಕರೆಯ ಒಳಗೆ ದೀಪವಿಟ್ಟ ಹಾಗೆ ಮಿನುಗುತ್ತಿತ್ತು. ಬೇರೆ ಬೇರೆಯಾಗಿದ್ದ ಮರಳಿನ ಕಾಳುಗಳೆಲ್ಲ ಒಂದಕ್ಕೊಂದು ಬೆಸೆದು, ಯಾವ ಕಾಳು ಎಲ್ಲಿ ಮುಗಿಯಿತು ಎಂದು ಭೂತಗನ್ನಡಿ ಹಿಡಿದರೂ ತಿಳಿಯುತ್ತಿರಲಿಲ್ಲ. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬೆಣಚಿನ ಉಪಯೋಗ ಹೇಳುತ್ತಿದ್ದೆ: ರೈಲು ಹಳಿಯ ಕೆಳಗೆ ಜಲ್ಲಿಯಾಗಿ ಹಾಕಬಹುದು, ಎಷ್ಟು ರೈಲು ಹೋದರೂ ಪುಡಿಯಾಗುವುದಿಲ್ಲ, ಅಡುಗೆಮನೆಗೆ ಹಾಸಬಹುದು, ಹುಳಿ ತಾಗಿದರೂ ಕಲೆಯಾಗುವುದಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳನ್ನು ನಾನು ಅಷ್ಟಾಗಿ ನೋಡುತ್ತಿರಲಿಲ್ಲ. ಕಲ್ಲು ನೋಡುವ ನೌಕರ.

ಒಂದು ಬುಧವಾರ ಬೆಳಿಗ್ಗೆ ಅಕ್ಕ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಕೊಟ್ರ, ಕಲ್ಲು ಸೀಳೋ ಅರ್ಜಿ ಕೊಡಪ್ಪಾ."

"ಯಾರಿಗಕ್ಕಾ?"

"ನನಗೇ ಕಣೋ."

ನಮ್ಮೂರಿನಲ್ಲಿ ಗಂಡ ಹೆಂಡಿರು ಬೇರೆಯಾಗಬೇಕಾದರೆ ಮೆಟ್ಟಿಲುಗಲ್ಲು ಎರಡಾಗಬೇಕು. ಕಚೇರಿಯ ಉಳಿ, ಕಚೇರಿಯ ಸುತ್ತಿಗೆ, ಮೂರು ಪೆಟ್ಟು. ಸೀಳಿದರೆ ಅವರವರ ತುಂಡು ಎತ್ತಿಕೊಂಡು ಅವರವರ ದಾರಿ. ಸೀಳದಿದ್ದರೆ ಅರ್ಜಿ ತಿರಸ್ಕಾರ, ಒಂದು ವರ್ಷ ಬಿಟ್ಟು ಮತ್ತೆ ಬರಬೇಕು. ಆ ಒಂದು ವರ್ಷದಲ್ಲಿ ಕಲ್ಲು ಇನ್ನೂ ಗಟ್ಟಿಯಾಗುತ್ತದೆ ಎಂಬುದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ, ಅಥವಾ ಹೊಳೆದೇ ಬರೆದಿದ್ದರು. ಹೊಸ ಮರಳುಗಲ್ಲು ಸೀಳುವುದು ಕಷ್ಟವಲ್ಲ. ಬಿರುಕು ಕಾಳುಗಳ ಸುತ್ತ ಬಳಸಿಕೊಂಡು ಹೋಗುತ್ತದೆ, ಯಾವ ಕಾಳಿಗೂ ನೋವಿಲ್ಲ. ಬೆಣಚಿನಲ್ಲಿ ಬಳಸಿಕೊಂಡು ಹೋಗಲು ದಾರಿಯೇ ಇಲ್ಲ. ಒಡೆದರೆ ಕಾಳುಗಳ ನಡುಮಧ್ಯೆಯೇ ಸೀಳಬೇಕು. ನನ್ನ ಹನ್ನೆರಡು ವರ್ಷದ ನೌಕರಿಯಲ್ಲಿ ಮೂರು ಪೆಟ್ಟಿಗೆ ಒಡೆದ ಬೆಣಚನ್ನು ನಾನು ಕಂಡಿರಲಿಲ್ಲ.

"ಕಾರಣ ಅಂತ ಒಂದು ಕಾಲಂ ಐತಕ್ಕಾ. ಏನು ಬರೀಲಿ?"

"ಹದಿನಾಲ್ಕು ವರ್ಷದಿಂದ ಒಂದು ಲೋಟ ನೀರನ್ನೂ ನಾನು ಸರಿಯಾಗಿ ಕುಡಿದಿಲ್ಲವಂತೆ. ಹಂಗಂತ ಬರಿ."

"ಅಷ್ಟು ಜಾಗ ಇಲ್ಲ ಅಲ್ಲಿ." ಪೆನ್ನು ಕೆಳಗಿಟ್ಟೆ. "ಅಕ್ಕಾ, ಈಗ ಬಂದೀಯಲ್ಲ. ಮೊದಲನೇ ವರ್ಷವೇ ಹೇಳಿದ್ರೆ ಆಗ್ತಿರಲಿಲ್ವಾ? ಆಗಿನ್ನೂ ಮರಳುಗಲ್ಲು, ಒಂದೇ ಏಟಿಗೆ..."

"ಮೊದಲನೇ ವರ್ಷವೇ ಹೇಳಿದ್ದೆನಲ್ಲೋ. ನಿನ್ನ ಹತ್ರಾನೇ ಹೇಳಿದ್ದೆ. ನೀನು ಅವರ ದನಿ ಮಾಡಿ ತೋರಿಸ್ದೆ. ನಾನೂ ನಕ್ಕೆ. ನಕ್ಕೊಂಡು ವಾಪಸ್ ಹೋದೆ."

ಅರ್ಜಿ ತುಂಬಿಸಿದೆ. ಕಾರಣದ ಕಾಲಂನಲ್ಲಿ ಅಕ್ಕ ಹೇಳಿದ್ದನ್ನೇ ಸಣ್ಣಕ್ಷರದಲ್ಲಿ ಇಳಿಸಿದೆ. ಸೀಬಯ್ಯನವರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. "ನೀರು ಕುಡಿಯುವ ವಿಷಯ ನಮ್ಮ ಇಲಾಖೆಗೆ ಬರೋದಿಲ್ಲವಲ್ಲ ಕೊಟ್ರೇಶ" ಎಂದರು. ಆದರೂ ಶುಕ್ರವಾರಕ್ಕೆ ದಿನ ಕೊಟ್ಟರು.

ಶುಕ್ರವಾರ ಹತ್ತು ಗಂಟೆಗೆ ಬೀದಿ ತುಂಬ ಜನ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಸಿಟ್ಟಿರಲಿಲ್ಲ. ಸೀಬಯ್ಯನವರು ಉಳಿ ಇಟ್ಟಾಗ ಮಾತ್ರ "ಒಂದೇ ಒಂದು ಮಾತು ಸಾರ್, ತಪ್ಪು ತಿಳ್ಕೋಬೇಡಿ. ಉಳಿ ಸ್ವಲ್ಪ ಓರೆ ಆಯ್ತು" ಎಂದ. ಸೀಬಯ್ಯನವರು ನೆಟ್ಟಗೆ ಮಾಡಿಕೊಂಡರು. ಮೊದಲ ಪೆಟ್ಟಿಗೆ ಕಿಡಿ ಹಾರಿತು. ಎರಡನೆಯದಕ್ಕೆ ಸುತ್ತಿಗೆ ಚಿಮ್ಮಿ ಸೀಬಯ್ಯನವರ ಭುಜದವರೆಗೆ ಜುಮ್ಮೆಂದಿತು. ಮೂರನೆಯದಕ್ಕೆ ಉಳಿಯ ಬಾಯಿ ಮಡಚಿಕೊಂಡಿತು. ಕಲ್ಲಿನ ಮೇಲೆ ಉಗುರು ಕಚ್ಚಿದಷ್ಟು ಗುರುತೂ ಇರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣಲ್ಲಿ ನೀರೂ ಇತ್ತು. "ಆಹಾ, ಏನು ಕಲ್ಲು! ಏನು ಸಂಸಾರ!" ಎಂದು ಹೆಡ್ಮಾಸ್ತರು ಉದ್ಗರಿಸಿದರು. ಅಕ್ಕ ಕಲ್ಲಿನ ಪಕ್ಕದಲ್ಲೇ ನಿಂತಿದ್ದಳು, ಕೈಯಲ್ಲಿ ಬಟ್ಟೆಗಂಟು. ಹೊರಡಲು ಕಟ್ಟಿಕೊಂಡಿದ್ದ ಗಂಟದು. ಅದನ್ನು ಯಾರೂ ನೋಡಲಿಲ್ಲ. ಭಾವ ನೋಡಿದ. "ಗಂಟನ್ನ ಹಂಗೆ ಕಟ್ಟಿದರೆ ಬಿಚ್ಚಿಕೊಳ್ಳುತ್ತೆ ನೀಲಾ" ಎಂದ.

ಹಾಲಪ್ಪನವರು ಸಿಕ್ಕ ಅವಕಾಶ ಬಿಡುವವರಲ್ಲ. ಅಲ್ಲೇ ಜಗಲಿ ಹತ್ತಿ ಈ ಕಲ್ಲು ಇನ್ನು ಮುಂದೆ ನಗರದ ಹೆಮ್ಮೆ ಎಂದು ಘೋಷಿಸಿದರು. ಮುಂದಿನ ಭಾನುವಾರ ನೀಲಾಂಬಿಕೆಯವರಿಗೆ ಸನ್ಮಾನ, ಜೊತೆಗೆ "ಬೆಣಚುಗಲ್ಲಿನ ಸೌಂದರ್ಯ ಮತ್ತು ಉಪಯೋಗಗಳು" ಎಂಬ ಪ್ರಾತ್ಯಕ್ಷಿಕೆ. ಆಮೇಲೆ ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿ, "ತಾಯೀ, ಇನ್ನೊಂದು ಎರಡು ವರ್ಷ ಹೆಂಗಾದರೂ ತಡ್ಕೊಳ್ಳಿ. ಜೇನು ಬಣ್ಣ ಅಂಚಿನ ತನಕ ಬಂದುಬಿಡ್ಲಿ. ಪಕ್ಕದೂರಿನವರ ಹೊಟ್ಟೆ ಉರೀಬೇಕು" ಎಂದರು.

ಅಕ್ಕ ಆ ದಿನ ಮನೆಯೊಳಗೆ ಹೋಗಲಿಲ್ಲ, ನಮ್ಮ ಮನೆಗೆ ಬಂದಳು. ಬಂದು ಹೋಗುವುದಕ್ಕೆ ಅಡ್ಡಿಯಿಲ್ಲ, ಇರುವುದಕ್ಕೆ ಕಲ್ಲು ಸೀಳಿರಬೇಕು. ನನ್ನ ಹೆಂಡತಿ ಗಂಗರತ್ನ ಜೋಳದ ಹಿಟ್ಟು ನಾದುತ್ತಿದ್ದಳು. ಅವಳ ಅಪ್ಪ ಕಲ್ಲು ಕ್ವಾರಿಯಲ್ಲಿ ಬಂಡೆ ಎಬ್ಬಿಸುವ ಮೇಸ್ತ್ರಿಯಾಗಿದ್ದವರು. ಅಕ್ಕ ಗೋಡೆಗೆ ಒರಗಿ ಕೂತು, "ಇನ್ನೊಂದು ವರ್ಷ ಆ ಮನೇಲಿ ಇದ್ದರೆ ನಾನೇ ಕಲ್ಲಾಗ್ತೀನಿ ರತ್ನಾ. ಆಮೇಲೆ ನನ್ನ ಮೇಲೂ ನಿನ್ನ ಗಂಡ ಲಿಂಬೆಹಣ್ಣು ಹಿಂಡಿ ನೋಡ್ತಾನೆ" ಎಂದಳು. ನಾನು ನಕ್ಕೆ. ಇಬ್ಬರೂ ನಗಲಿಲ್ಲ.

ರತ್ನ ಹಿಟ್ಟಿನ ಕೈ ತೊಳೆದುಕೊಂಡಳು. "ಸುತ್ತಿಗೇಲಿ ಬೆಣಚು ಯಾವನು ಒಡೀತಾನ್ರೀ? ನಮ್ಮಪ್ಪ ಬಂಡೆ ಮ್ಯಾಲೆ ಸೌದೆ ಉರಿಸ್ತಿದ್ದ. ಬಂಡೆ ಚೆನ್ನಾಗಿ ಕಾದ ಮ್ಯಾಲೆ ಬೆಂಕಿ ಗುಡಿಸಿ, ಒಡೀಬೇಕಾದ ಕಡೆ ಒಂದು ಗೆರೆ ತಣ್ಣೀರು ಸುರೀತಿದ್ದ. ಟಪ್ ಅಂತ ಬಿಡೋದು."

"ನಿಯಮದಲ್ಲಿ ಬೆಂಕಿ ಇಲ್ವಲ್ಲೇ. ಸುತ್ತಿಗೆ ಅಂತಾನೇ ಐತೆ."

"ಪೂರಾ ಓದಿದೀರಾ ನಿಮ್ಮ ನಿಯಮಾನ?"

ಓದಿರಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಓದಿದೆ. ಕೊನೆಯ ಪುಟದಲ್ಲಿ ಒಂದು ಉಪನಿಯಮವಿತ್ತು: ಗಂಡನಾದವನು ತನ್ನ ಕೈಯಾರೆ ಕಲ್ಲನ್ನು ಎರಡು ಮಾಡಿದಲ್ಲಿ ಪೆಟ್ಟಿನ ಎಣಿಕೆ, ಸಲಕರಣೆ ಹಾಗೂ ಅರ್ಜಿಯ ಅಗತ್ಯ ಇರುವುದಿಲ್ಲ. ಗಂಡಸರಿಗೆ ಅನುಕೂಲವಾಗಲಿ ಎಂದು ಯಾರೋ ಗಂಡಸರು ಬರೆದದ್ದು.

ಅಕ್ಕ ಪುಸ್ತಕ ಎಳೆದುಕೊಂಡು ಆ ಸಾಲನ್ನು ತಾನೂ ಓದಿ, ನಿಧಾನವಾಗಿ ಹೇಳಿದಳು. "ಭಾನುವಾರ ಕಲ್ಲಿನ ಉಪಯೋಗ ತೋರಿಸಬೇಕಂತಲ್ಲ. ನಾನು ಅದರ ಮ್ಯಾಲೇ ರೊಟ್ಟಿ ಸುಡ್ತೀನಿ. ಕೊಟ್ರ, ಕಲ್ಲು ಕಾದು ಕೆಂಡ ಆಗಿ ರೊಟ್ಟಿ ಕರಕಲಾದರೆ ನಿಮ್ಮ ಭಾವ ಏನಂತಾರೆ? ಅವರ ದನೀಲೇ ಹೇಳು. ನಗಿಸೋಕಲ್ಲ."

ಆ ದನಿಯನ್ನು ನಾನು ನೂರು ಸಲ ಮಾಡಿದ್ದೆ, ಆದರೆ ಪರೀಕ್ಷೆಗೆ ಕೂತವನ ಹಾಗೆ ಮಾಡಿದ್ದು ಅದೇ ಮೊದಲು. ಕಣ್ಣು ಮುಚ್ಚಿ, ಕೈಕಟ್ಟಿ, ಕುತ್ತಿಗೆಯನ್ನು ಭಾವನ ಹಾಗೆ ಒಂದು ಬೆರಳಷ್ಟು ವಾಲಿಸಿದೆ. ಮಾತು ತಾನಾಗಿ ಬಂತು: "ಒಂದೇ ಒಂದು ಮಾತು ಹೇಳ್ತೀನಿ ನೀಲಾ, ತಪ್ಪು ತಿಳ್ಕೋಬೇಡ. ಕಾವು ಜಾಸ್ತಿ ಆಗೈತೆ. ನೀರು ಹಾಕಬೇಕು."

"ಹಂಗೇ ಅಂತಾರೆ. ಆದರೆ ನೀರು ನನ್ನ ಕೈಲೇ ಹಾಕಿಸ್ತಾರಲ್ಲೋ."

"ಇಲ್ಲಕ್ಕಾ. ನೀನು ಮೊದಲು ತಪ್ಪಾಗಿ ಹಾಕು. ತಪ್ಪು ಮಾಡಿದ್ದನ್ನ ಭಾವ ಬೇರೆಯವರ ಕೈಲಿ ಬಿಡೋದಿಲ್ಲ."

ಭಾನುವಾರ ಬೆಳಿಗ್ಗೆ ಬೀದಿಗೆ ಶಾಮಿಯಾನ ಹಾಕಿದ್ದರು. ಮೆಟ್ಟಿಲುಗಲ್ಲಿನ ಸುತ್ತ ರಂಗೋಲಿ. ಎಂಟು ಗಂಟೆಗೇ ಅಕ್ಕ ಕಲ್ಲಿನ ಮೇಲೆ ಸೌದೆ ಜೋಡಿಸಿ ಬೆಂಕಿ ಹಾಕಿದ್ದಳು. ಹಾಲಪ್ಪನವರ ಭಾಷಣ ಮುಗಿಯುವ ಹೊತ್ತಿಗೆ ಕಾವು ಹದಕ್ಕೆ ಬರುತ್ತದೆ ಎಂದು ರತ್ನ ಲೆಕ್ಕ ಹಾಕಿದ್ದಳು. ಭಾಷಣದ ಉದ್ದವನ್ನು ಅಂದಾಜು ಮಾಡಿಕೊಟ್ಟವನು ನಾನು, ಹಿಂದಿನ ದಿನ ಅಡುಗೆಮನೆಯಲ್ಲಿ ಅದನ್ನು ಪೂರ್ತಿ ಮಾಡಿ ತೋರಿಸಿದ್ದೆ. "ಬೆಣಚುಗಲ್ಲನ್ನು ನೋಡಿ ನಮ್ಮ ಹೆಣ್ಣುಮಕ್ಕಳು ಕಲಿಯಬೇಕು" ಎಂದು ಅವರು ಮೈಕಿನಲ್ಲಿ ಶುರು ಮಾಡಿದರು. "ಗೀರಿದರೆ ಗೀರು ಬೀಳೋದಿಲ್ಲ. ಹುಳಿ ಹಿಂಡಿದರೆ ನೊರೆ ಕಾರೋದಿಲ್ಲ. ಮೇಲೆ ರೈಲು ಹೋದರೂ ಚಕಾರ ಎತ್ತೋದಿಲ್ಲ!" ಮುಂದಿನ ಸಾಲಿನ ಗಂಡಸರು ಜೋರಾಗಿ ಚಪ್ಪಾಳೆ ತಟ್ಟಿದರು. ಹೆಂಗಸರು ಕಲ್ಲಿನ ಮೇಲಿನ ಬೆಂಕಿಯನ್ನು ನೋಡುತ್ತಿದ್ದರು. ಅಕ್ಕನಿಗೆ ಶಾಲು ಹೊದಿಸಿದರು. ಹೊದಿಸಿದ್ದು ಒಂದು ಕಡೆ ಇಳಿಬಿದ್ದಿತ್ತು. ಭಾವ ಅದನ್ನು ಹೇಳಿ ಸರಿ ಮಾಡಿಸಿದ.

ಅಕ್ಕ ಕೆಂಡ ಗುಡಿಸಿದಳು. ಬೆಣಚು ಒಳಗಿನಿಂದ ಹೊಗರು ಬಂದಂತೆ ಹೊಳೆಯುತ್ತಿತ್ತು. ತಟ್ಟಿದ ರೊಟ್ಟಿಯನ್ನು ಹಾಕಿದಳು. ಹತ್ತು ಎಣಿಸುವುದರೊಳಗೆ ಹೊಗೆಯೆದ್ದು ಕರಕಲಾಯಿತು. ಈಗ ಹೇಳುತ್ತಾನೆ ಎಂದು ಕಾದೆ.

"ಒಂದೇ ಒಂದು ಮಾತು ಹೇಳ್ತೀನಿ ನೀಲಾ, ತಪ್ಪು ತಿಳ್ಕೋಬೇಡ," ಎಂದ ಭಾವ. "ರೊಟ್ಟಿ ದುಂಡಗಿಲ್ಲ."

ಇದನ್ನು ನಾನು ಊಹಿಸಿರಲಿಲ್ಲ. ಅಕ್ಕ ಇನ್ನೊಂದು ತಟ್ಟಿದಳು. ಈ ಸಲ ದುಂಡಗೆ. ಅದೂ ಕರಕಲಾಯಿತು. "ಪೊರಕೆ ಹಿಡಿಯೋದು ಹಂಗಲ್ಲ," ಎಂದ ಭಾವ. ಕಲ್ಲು ಆರತೊಡಗಿತ್ತು. ಶಾಮಿಯಾನದ ಸಂದಿನಿಂದ ಗಾಳಿ ಬೀಸುತ್ತಿತ್ತು. "ಸೆರಗು ಬೆಂಕಿ ಕಡೆ ಐತೆ," ಎಂದ. "ಹಿಟ್ಟಿಗೆ ಮುಚ್ಚಳ ಇಲ್ಲ," ಎಂದ. ನನ್ನ ಪಕ್ಕದಲ್ಲಿದ್ದ ರತ್ನ ನನ್ನ ತೋಳನ್ನು ಚಿವುಟಿ, "ಇನ್ನೆರಡು ನಿಮಿಷ ಆದರೆ ಕೆಟ್ಟಿತು" ಎಂದಳು. ಅಷ್ಟರಲ್ಲಿ ಅಕ್ಕ ಯಾರೂ ಏನೂ ಹೇಳದಿದ್ದರೂ ಪ್ಲಾಸ್ಟಿಕ್ ಚೊಂಬಿನಿಂದ ನಾಲ್ಕು ಹನಿ ನೀರನ್ನು ಕಲ್ಲಿನ ಒಂದು ಮೂಲೆಗೆ ಚಿಮುಕಿಸಿದಳು. ಮಗು ಗಿಡಕ್ಕೆ ನೀರು ಹಾಕುವ ಹಾಗೆ.

ಭಾವ ತಡೆಯಲಾರದೆ ಕಟ್ಟಿದ ಕೈ ಬಿಚ್ಚಿದ. ಹದಿನಾಲ್ಕು ವರ್ಷದಲ್ಲಿ ಆತ ಕೈ ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅಯ್ಯೋ ನೀಲಾ! ಕಾವು ಇಳಿಸೋದು ಹಿಂಗಾ? ಮೂಲೆಗೆ ಹಾಕಿದರೆ ಏನು ಬಂತು? ನಡುವಿಗೆ ಹಾಕಬೇಕು. ಒಂದೇ ಧಾರೆ. ಪ್ಲಾಸ್ಟಿಕ್ಕಲ್ಲಿ ಯಾರಾದರೂ ಹಾಕ್ತಾರಾ?" ಎನ್ನುತ್ತ ಒಳಗೆ ಹೋಗಿ, ಬಾವಿಯಿಂದ ಆಗತಾನೆ ಸೇದಿಟ್ಟ ತಾಮ್ರದ ಕೊಡ ತಂದ. ಅಕ್ಕ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಹಾಲಪ್ಪನವರು ಮೈಕಿನಲ್ಲಿ, "ನೋಡಿ, ಪತಿದೇವರೇ ಕೈಜೋಡಿಸುತ್ತಿದ್ದಾರೆ!" ಎಂದರು. ಭಾವ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಕಲ್ಲಿನ ಸರಿಯಾಗಿ ನಟ್ಟನಡುವೆ, ಈ ಅಂಚಿನಿಂದ ಆ ಅಂಚಿಗೆ, ದಾರ ಹಿಡಿದ ಹಾಗೆ ನೆಟ್ಟಗೆ ನೀರು ಸುರಿದ.

ಸದ್ದು ದೊಡ್ಡದೇನಲ್ಲ, ಒಣ ಕೊಬ್ಬರಿ ಒಡೆದಷ್ಟು. ಆವಿ ಹೋದ ಮೇಲೆ ನೋಡಿದರೆ ಎರಡು ತುಂಡು. ಒಡೆದ ಮುಖವನ್ನು ಊರಿನಲ್ಲಿ ಯಾರೂ ಅಲ್ಲಿಯತನಕ ನೋಡಿರಲಿಲ್ಲ. ಕಾಳು ಕಾಳೂ ನಡುವಿಗೆ ಸೀಳಿ, ಹೊಸ ಉಪ್ಪಿನ ಹಾಗೆ ಧಗಧಗ ಎನ್ನುತ್ತಿತ್ತು. ಮೇಲಿನ ಗುಲಾಬಿ ಅದರ ಮುಂದೆ ಬರೀ ಬಣ್ಣ.

ಚಪ್ಪಾಳೆ ಬೀಳಲಿಲ್ಲ. ಮೈಕು ಕೀ ಎಂದು ಕೂಗಿತು. ಸೀಬಯ್ಯನವರು ನನ್ನ ಕಡೆ ನೋಡಿದರು. ನಾನು ಪುಸ್ತಕದ ಕೊನೆಯ ಪುಟ ತೆರೆದು ಉಪನಿಯಮವನ್ನು ಗಟ್ಟಿಯಾಗಿ ಓದಿದೆ. ಯಾರ ದನಿಯಲ್ಲಿ ಓದಿದೆನೋ ನೆನಪಿಲ್ಲ. ಭಾವ ಖಾಲಿ ಕೊಡ ಹಿಡಿದು ಎರಡೂ ತುಂಡುಗಳನ್ನು ಬಹಳ ಹೊತ್ತು ದಿಟ್ಟಿಸಿದ. ಕೊನೆಗೆ, "ಎರಡೂ ಸಮ ಬಂದೈತೆ" ಎಂದ. ಅದರಲ್ಲಿ ಸ್ವಲ್ಪ ಸಮಾಧಾನವೂ ಇತ್ತೆಂದು ಕಾಣುತ್ತದೆ.

ಅಕ್ಕ ಶಾಲನ್ನು ಸಿಂಬಿ ಸುತ್ತಿ ಬಿಸಿ ಕಲ್ಲಿಗೆ ಹಿಡಿಕೆ ಮಾಡಿಕೊಂಡಳು. ಅವಳ ತುಂಡನ್ನು ನಾನೂ ರತ್ನನೂ ತಳ್ಳುಗಾಡಿಗೆ ಏರಿಸಿದೆವು. ದರ್ಜಿ ಮಲಿಯಪ್ಪನ ಹೆಂಡತಿ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಳು. ಅಕ್ಕ ಈಗ ಅಲ್ಲಿ ಗುಂಡಿ ಹಾಕುತ್ತಾಳೆ, ಕಾಜ ಹೊಲಿಯುತ್ತಾಳೆ. ಕಲ್ಲನ್ನು ಅವರು ಇಸ್ತ್ರಿ ಪೆಟ್ಟಿಗೆ ಇಡಲು ಬಳಸುತ್ತಾರೆ. ಎಷ್ಟು ಬಿಸಿ ಇಟ್ಟರೂ ಸುಡುವುದಿಲ್ಲ, ಕಲೆಯಾಗುವುದಿಲ್ಲ. ಮೊನ್ನೆ ಹೋದಾಗ ಅಕ್ಕ ನನ್ನೆದುರು ಒಂದು ಲೋಟ ನೀರನ್ನು ಎತ್ತಿ, ಕತ್ತಿನ ಮೇಲೆಲ್ಲ ಚೆಲ್ಲಿಕೊಂಡು, ಗಟಗಟ ಸದ್ದು ಮಾಡಿ ಕುಡಿದಳು. ಭಾವನ ತುಂಡು ಪುರಸಭೆಯ ಮುಂದೆ ಕಟ್ಟೆಯ ಮೇಲಿದೆ, ಕೆಳಗೆ ಹಾಲಪ್ಪನವರ ಹೆಸರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಭಾನುವಾರ ಕಳೆದು ಮಂಗಳವಾರ ಕಚೇರಿಯ ಟಪಾಲಿನಲ್ಲಿ ಹನ್ನೊಂದು ಅರ್ಜಿ ಬಂದಿದ್ದವು. ಕಲ್ಲು ಸೀಳುವ ಅರ್ಜಿಯಲ್ಲ. ಎಲ್ಲದರ ವಿಷಯವೂ ಒಂದೇ: ಮನೆಯ ಮೆಟ್ಟಿಲುಗಲ್ಲಿನ ಮೇಲೆ ರೊಟ್ಟಿ ಸುಡುವ ಪ್ರಾತ್ಯಕ್ಷಿಕೆಗೆ ಅನುಮತಿ ಕೋರಿ. ಎಲ್ಲವೂ ಹೆಂಗಸರದು. ಪುರಸಭೆಯೇ ನಡೆಸಿದ ಕಾರ್ಯಕ್ರಮವಾದ್ದರಿಂದ ಇಲ್ಲ ಎನ್ನುವಂತಿರಲಿಲ್ಲ. ಸೀಬಯ್ಯನವರು ಮೊದಲನೆಯದನ್ನು ಎತ್ತಿಕೊಂಡು, "ಪರಿಶೀ..." ಎಂದು ಮೂಗಿನಲ್ಲಿ ಶುರು ಮಾಡಿದ್ದು ಗಂಟಲಿಗೆ ಇಳಿಯಲೇ ಇಲ್ಲ. ಅದು ಅವರ ಹೆಂಡತಿಯ ಅರ್ಜಿ. ಕೊಡೆ ತೆಗೆದುಕೊಂಡು ಮನೆಗೆ ಹೋದರು. ಅವರು ಮೆಟ್ಟಿಲಿಳಿಯುವ ರೀತಿಯನ್ನು ನಾನು ಆಗಲೇ ಮನಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಮುಂದಿನ ಮದುವೆ ಮನೆಗೆ ಒಳ್ಳೆಯ ಸರಕು. ಹಾಗೆ ನಗುತ್ತಲೇ ಒಂದೊಂದಾಗಿ ಮುದ್ರೆ ಒತ್ತುತ್ತ ಬಂದೆ.

ಆರನೆಯದು ಗಂಗರತ್ನಳದು. ಗಂಡನ ಹೆಸರು: ಕೊಟ್ರೇಶ. ಕಾರಣ: ಅತಿಥಿಗಳಿಗೆ ಉಪಾಹಾರ.

ಊರಿನ ಪ್ರತಿ ಕಲ್ಲನ್ನೂ ಗೀರಿದ್ದ ನಾನು ನಮ್ಮ ಮನೆಯದನ್ನು ಗೀರಿರಲಿಲ್ಲ. ಸ್ವಂತ ಮನೆಗೆ ತಲೆ ತಗ್ಗಿಸಿ ಹೋಗುವವರು ಯಾರು? ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು, ಮೊಳೆ ಹಿಡಿದು, ಹನ್ನೊಂದೂವರೆಗೆ ಮನೆಗೆ ನಡೆದೆ. ಬಾಗಿಲಲ್ಲಿ ಮಂಡಿಯೂರಿ ಗೀರಿದೆ. ಕಲ್ಲಿನಿಂದ ಪುಡಿ ಬರಲಿಲ್ಲ. ಉಕ್ಕಿನ ಗೆರೆಯೊಂದು ಬೂದು ಬಣ್ಣಕ್ಕೆ ನೆಟ್ಟಗೆ ಮೂಡಿತು.

"ಅರ್ಜಿ ಏನಾಯ್ತು ಸಾಹೇಬ್ರೇ?" ರತ್ನ ಹೊಸ್ತಿಲಲ್ಲಿ ನಿಂತಿದ್ದಳು.

"ಪರಿಶೀಲನೆಯಲ್ಲಿದೆ," ಎಂದೆ. ಅಭ್ಯಾಸಬಲ, ಸೀಬಯ್ಯನವರ ದನಿಯೇ ಬಂತು.

ಅವಳು ನಗಲಿಲ್ಲ. "ನೋಡಿದ್ರಾ? ಹನ್ನೊಂದು ವರ್ಷದಿಂದ ಇದೇ. ಈ ಮನೇಲಿ ನಾನು ಏನು ಹೇಳೋಕೆ ಬಾಯಿ ತೆಗೆದ್ರೂ, ನನ್ನ ಮಾತು ಮುಗಿಯೋದರೊಳಗೆ ಅದು ನಿಮ್ಮ ತಮಾಷೆ ಆಗಿರುತ್ತೆ. ನಾಲ್ಕು ಜನರ ಮುಂದೆ ನನ್ನ ದನೀಲೇ ಮಾಡಿ ತೋರಿಸ್ತೀರಿ. ಎಲ್ಲಾರೂ ನಗ್ತಾರೆ. ನಾನೂ ನಗಬೇಕು, ಇಲ್ಲಾಂದ್ರೆ ರತ್ನಂಗೆ ತಮಾಷೆ ಅರ್ಥ ಆಗಲ್ಲ ಅಂತೀರಿ."

ನಾನು ಬಾಯಿ ತೆರೆದೆ. ಆರೇಳು ದನಿಗಳು ಸಾಲಾಗಿ ತುದಿನಾಲಗೆಗೆ ಬಂದು ನಿಂತವು. ಎಲ್ಲವನ್ನೂ ನುಂಗಿಕೊಂಡೆ. ಉಳಿದದ್ದು ಸಣ್ಣ, ಸ್ವಲ್ಪ ಗೊಗ್ಗರು ದನಿ, ನನಗೇ ಅಷ್ಟಾಗಿ ಪರಿಚಯವಿಲ್ಲದ್ದು. "ಕೂತು ಹೇಳ್ತೀಯಾ? ನಡುವೆ ಬಾಯಿ ಹಾಕೋದಿಲ್ಲ" ಎಂದೆ.

"ಮೊದಲು ಅರ್ಜಿಗೆ ಸಹಿ ಹಾಕಿ. ಆಮೇಲೆ ಹೇಳ್ತೀನಿ. ಬೇಕೋ ಬೇಡವೋ ನಾನು ನೋಡ್ಕೋತೀನಿ."

ತೊಡೆಯ ಮೇಲಿಟ್ಟು ಸಹಿ ಹಾಕಿದೆ. ಅವಳು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗಿನಿಂದ ಮಣೆ ತಂದು ಹೊಸ್ತಿಲ ಹತ್ತಿರ ಹಾಕಿ ಕೂತಳು. ನಾನು ಕಲ್ಲಿನ ಮೇಲೆ ಕೂತೆ. ಎದುರು ಮನೆಯವರನ್ನು ಕೂಗಿ, ಅವರ ಕೈಯಲ್ಲಿ ಕಚೇರಿಗೆ ಅರ್ಧ ದಿನದ ರಜೆ ಚೀಟಿ ಕಳಿಸಿದೆ. ಸಂಜೆ ಐದಕ್ಕೆ ಮರುದಿನಕ್ಕೂ ಇನ್ನೊಂದು ಚೀಟಿ ಬರೆಯಬೇಕಾಯಿತು. ರತ್ನ ಆಗಿನ್ನೂ ನಮ್ಮ ಮದುವೆಯ ಮೂರನೆಯ ತಿಂಗಳಲ್ಲಿದ್ದಳು.